ಜೋಳದ ಎಲೆಯಲ್ಲಿ ಬಿಳಿ ಗೆರೆ ಕಂಡ ಬಾರ್ಬರಾ

ಮಕ್ಕಳೇ, ಬೇಸಿಗೆ ರಜೆಯಲ್ಲಿ ಕಾರಲ್ಲಿ ಹೋಗುವಾಗ ರಸ್ತೆಯ ಎರಡೂ ಬದಿ ಮೈಲುಗಟ್ಟಲೆ ಜೋಳದ ಹೊಲ ನೋಡಿದ್ದೀರಿ ಅಲ್ವಾ? ನಮ್ಮೂರಲ್ಲಿ ಇದನ್ನು ಮುಸುಕಿನ ಜೋಳ ಅಂತೀವಿ. ಆ ಎಲೆಗಳು ಹಸಿರಾಗಿರೋದು ಕ್ಲೋರೋಫಿಲ್‌ನಿಂದ, ಕನ್ನಡದಲ್ಲಿ ಪತ್ರಹರಿತ್ತು. ಎಲ್ಲ ತಳಿಗಳಲ್ಲೂ ಅದು ಒಂದೇ ಸಮ ಇರುವುದಿಲ್ಲ. ಕೆಲವು ಕಡು ಹಸಿರು, ಕೆಲವು ತಿಳಿ ಹಸಿರು. ಕೆಲವು ಗಿಡಗಳ ಎಲೆಯಲ್ಲಂತೂ ಬಿಳಿ, ಹಳದಿ ಗೆರೆಗಳು! ಆ ಗೆರೆಗಳ ಕಾರಣ ಹುಡುಕಿದ ವಿಜ್ಞಾನಿ ಬಾರ್ಬರಾ ಮೆಕ್‌ಕ್ಲಿಂಟಾಕ್ ಅವರ ಕಥೆ ಇದು.

ಬಾರ್ಬರಾ ಹುಟ್ಟಿದ್ದು 1902ರಲ್ಲಿ, ಅಮೆರಿಕದ ಹಾರ್ಟ್‌ಫರ್ಡ್ ಊರಿನಲ್ಲಿ. ಕಾಲೇಜಿಗೆ ಹೋದರೆ ಮಗಳಿಗೆ ಮದುವೆ ಆಗೋದು ಕಷ್ಟ ಅಂತ ಅಮ್ಮನಿಗೆ ಚಿಂತೆ. (ಈ ಮಾತು ನಮ್ಮ ಕಡೆಯೂ ಇತ್ತು, ನಿಮ್ಮ ಅಜ್ಜಿಯನ್ನು ಕೇಳಿ ನೋಡಿ.) ಅಪ್ಪ ಬೆಂಬಲಕ್ಕೆ ನಿಂತರು. 1919ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಕೃಷಿ ಕಾಲೇಜು ಸೇರಿದ ಅವರು 1927ರಲ್ಲಿ ಪಿಎಚ್‌ಡಿ ಮುಗಿಸಿದರು. ಜೋಳದ 10 ಜೊತೆ ಕ್ರೋಮೋಸೋಮ್‌ಗಳನ್ನು ಒಂದೊಂದಾಗಿ ಗುರುತು ಹಿಡಿಯುವ ದಾರಿ ತೋರಿಸಿದರು. ಇಷ್ಟಾದರೂ ಹಲವು ವರ್ಷ ಅವರಿಗೆ ನೆಲೆಯಾದ ಕೆಲಸ ಸಿಗಲಿಲ್ಲ. 1941ರಲ್ಲಿ ನ್ಯೂಯಾರ್ಕ್ ರಾಜ್ಯದ ಕೋಲ್ಡ್ ಸ್ಪ್ರಿಂಗ್ ಹಾರ್ಬರ್‌ಗೆ ಬಂದರು. ಮುಂದೆ ಜೀವನವೆಲ್ಲ ಅಲ್ಲೇ.

ಅಲ್ಲಿ ಅವರು ಒಂದೇ ಗಿಡದ ಪರಾಗವನ್ನು ಅದೇ ಗಿಡದ ತೆನೆಗೆ ಹಾಕಿ ಬೀಜ ಪಡೆದರು. ಆ ಬೀಜಗಳಿಂದ ಬಂದ ಸಸಿಗಳಲ್ಲಿ ಒಂದು ವಿಚಿತ್ರ ಕಂಡಿತು. ಕೆಲವು ಎಲೆಗಳಲ್ಲಿ ಒಂದು ಪಟ್ಟಿಯ ತುಂಬ ಗೆರೆಗಳು, ಅದರ ಪಕ್ಕದ ಪಟ್ಟಿಯಲ್ಲಿ ತೀರಾ ಕಡಿಮೆ. ಎರಡೂ ಪಟ್ಟಿ ಬೆಳೆದದ್ದು ಒಂದೇ ಜೀವಕೋಶ ಎರಡಾಗಿ. ಹಾಗಾದರೆ ಒಂದು ಕಳೆದುಕೊಂಡದ್ದನ್ನು ಇನ್ನೊಂದು ಪಡೆದಿರಬೇಕು, ಅಲ್ವಾ? ವರ್ಷಗಟ್ಟಲೆ ಹುಡುಕಿದ ಮೇಲೆ ಉತ್ತರ ಸಿಕ್ಕಿತು: ಕ್ರೋಮೋಸೋಮ್‌ನ ಕೆಲವು ತುಣುಕುಗಳು ಜಾಗ ಬಿಟ್ಟು ಜಾಗಕ್ಕೆ ಹೋಗುತ್ತವೆ! ಪತ್ರಹರಿತ್ತು ಮಾಡುವ ವಂಶವಾಹಿಯೊಳಗೆ ಅಂಥ ತುಣುಕು ಕೂತರೆ ಅದರ ಕೆಲಸ ನಿಲ್ಲಬಹುದು. ಎದ್ದು ಹೋದರೆ ಮತ್ತೆ ಹಸಿರು ಬರಬಹುದು. ನಾನು ಬರೆದ ಪ್ರೋಗ್ರಾಮ್‌ನ ಒಂದು ಸಾಲು ರಾತ್ರೋರಾತ್ರಿ ತಾನೇ ಎದ್ದು ಬೇರೆ ಕಡೆ ಕೂತ ಹಾಗೆ!

1951ರಲ್ಲಿ ಇದನ್ನು ದೊಡ್ಡ ಸಭೆಯಲ್ಲಿ ವಿವರಿಸಿದಾಗ ಹೆಚ್ಚಿನವರಿಗೆ ಅರ್ಥವಾಗಲಿಲ್ಲ, ಹಲವರು ನಂಬಲಿಲ್ಲ. ಬಾರ್ಬರಾ ಬೇಸರಪಟ್ಟರು. ಕೆಲವು ವರ್ಷಗಳಲ್ಲಿ ಈ ಬಗ್ಗೆ ಬರೆದು ಪ್ರಕಟಿಸುವುದನ್ನೇ ಕಡಿಮೆ ಮಾಡಿದರು. ಆದರೆ ಜೋಳ ಬೆಳೆಯೋದು ಬಿಡಲಿಲ್ಲ, ಗಿಡ ಹೇಳಿದ್ದನ್ನು ಬದಲಾಯಿಸಲಿಲ್ಲ. ಮುಂದೆ ಬ್ಯಾಕ್ಟೀರಿಯಾಗಳಲ್ಲೂ ಇಂಥ ತುಣುಕುಗಳು ಸಿಕ್ಕವು. 1983ರಲ್ಲಿ, 81ನೇ ವಯಸ್ಸಿನಲ್ಲಿ, ನೊಬೆಲ್ ಪ್ರಶಸ್ತಿ ಅವರೊಬ್ಬರಿಗೇ ಬಂತು. 1992ರಲ್ಲಿ ತೀರಿಕೊಂಡರು.

ಶರತ್ಕಾಲದಲ್ಲಿ ಅಂಗಡಿಗಳಲ್ಲಿ ಅಲಂಕಾರಕ್ಕೆ ಬಣ್ಣಬಣ್ಣದ ಜೋಳದ ತೆನೆ ಮಾರುತ್ತಾರೆ, ನೋಡಿದ್ದೀರಾ? ಚುಕ್ಕೆ ಇರುವ ಕಾಳು ಸಿಕ್ಕರೆ ಅಪ್ಪ ಅಮ್ಮನಿಗೆ ತೋರಿಸಿ. ಎಷ್ಟೋ ಸಲ ಆ ಚುಕ್ಕೆಗೂ ಕಾರಣ ಇದೇ ಜಿಗಿಯುವ ತುಣುಕು. ನೀವೇ ಅವರಿಗೆ ಈ ಕಥೆ ಹೇಳಿ, ಕನ್ನಡದಲ್ಲೇ!