ಹಿಮಪಥಿಕ ನಾನ್ಸೆನ್

ಇತಿಹಾಸದ ತರಗತಿಯಲ್ಲಿ ರಾಷ್ಟ್ರಸಂಘದ ಪಾಠ ನಡೆದಿತ್ತು. ಮೊದಲನೆಯ ಮಹಾಯುದ್ಧದ ತರುವಾಯ ಹುಟ್ಟಿ, ಎರಡನೆಯದನ್ನು ತಡೆಯಲಾರದೆ ಹೋದ ಆ ಸಂಸ್ಥೆಯ ಸೋಲುಗಳನ್ನು ಒಂದೊಂದಾಗಿ ಬರೆದುಕೊಳ್ಳುತ್ತಿದ್ದೆವು. ಕೊನೆಗೆ ನಮ್ಮ ಅಧ್ಯಾಪಕರು, ಗೆಲುವಿನ ಕಡೆಗೆ ಬರೆದುಕೊಳ್ಳಬೇಕಾದ ಹೆಸರು ಒಂದಾದರೂ ಉಂಟೆಂದು ಹೇಳಿ, ಕಪ್ಪು ಹಲಗೆಯ ಮೇಲೆ ಫ್ರಿಟ್ಯೋಫ್ ನಾನ್ಸೆನ್ ಎಂದು ಬರೆದರು. ಆತನು ಮೊದಲಿಗೆ ಹಿಮದ ಮೇಲೆ ಜಾರುವ ಆಟಗಾರನಾಗಿದ್ದನೆಂದು ಕೇಳಿ ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ಆಟಗಾರನಿಗೂ ರಾಷ್ಟ್ರಸಂಘಕ್ಕೂ ಎಲ್ಲಿಯ ನಂಟು? ಆ ಸಂಜೆ ಗ್ರಂಥಾಲಯಕ್ಕೆ ಹೋಗಿ ಹುಡುಕತೊಡಗಿದವನು ನಾಲ್ಕಾರು ತಿಂಗಳು ಅವನ ಹಿಂದೆಯೇ ನಡೆದೆನು. ಹಿಮವನ್ನು ನಾನು ಈ ಜನ್ಮದಲ್ಲಿ ಕಂಡವನಲ್ಲ. ಆದರೂ ಅವನು ನಡೆದ ದಾರಿ ನನಗೆ ಪರಿಚಿತವೆಂಬಂತೆ ತೋರಿತು. ಅದೇಕೆಂಬುದನ್ನು ಮುಂದೆ ಹೇಳುವೆನು.

ನಾನ್ಸೆನ್ನನು 1861ನೆಯ ಅಕ್ಟೋಬರ್ 10ರಂದು ನಾರ್ವೆಯ ರಾಜಧಾನಿಯ ಬಳಿ ಜನಿಸಿದನು. ಇಂದಿನ ಓಸ್ಲೋ ನಗರಕ್ಕೆ ಆಗ ಕ್ರಿಸ್ಟಿಯಾನಿಯಾ ಎಂದು ಹೆಸರು. ತಂದೆ ವಕೀಲ. ಹೆಂಗಸರು ಹಿಮದ ಮೇಲೆ ಜಾರುವುದು ಮರ್ಯಾದೆಯಲ್ಲವೆನ್ನುತ್ತಿದ್ದ ಆ ಕಾಲದಲ್ಲಿ ತಾಯಿ ಅದನ್ನು ಬಲ್ಲವಳಾಗಿದ್ದಳು. ಸ್ಕೀ ಎಂದರೆ ಕಾಲಿಗೆ ಕಟ್ಟಿಕೊಳ್ಳುವ ಉದ್ದನೆಯ ಮರದ ಪಟ್ಟಿ. ಬರಿಗಾಲು ಮೊಳಕಾಲುಮಟ್ಟ ಹೂತುಹೋಗುವ ಮೆತ್ತನೆಯ ಹಿಮದಲ್ಲಿ, ಮೈಭಾರವು ಆ ಪಟ್ಟಿಯ ಉದ್ದಕ್ಕೂ ಹಂಚಿಹೋಗುವುದರಿಂದ ಮನುಷ್ಯನು ಮುಳುಗದೆ ಜಾರಿಕೊಂಡು ಹೋಗಬಲ್ಲನು. ಆ ನಾಡಿನವರಿಗೆ ಇದು ಆಟವಾಗುವ ಮೊದಲು ನಡಿಗೆಯೇ ಆಗಿತ್ತು. ಬಾಲಕ ನಾನ್ಸೆನ್ನನು ಎರಡನ್ನೂ ಕಲಿತು, ಸ್ಪರ್ಧೆಗಳಲ್ಲಿ ಬಹುಮಾನಗಳನ್ನು ಪಡೆದನು.

ಓದಿನಲ್ಲಿ ಪ್ರಾಣಿಶಾಸ್ತ್ರವನ್ನು ಆರಿಸಿಕೊಂಡನು. 1882ರಲ್ಲಿ ಸೀಲ್ ಬೇಟೆಯ ಹಡಗೊಂದರಲ್ಲಿ ಉತ್ತರ ಸಮುದ್ರಗಳಿಗೆ ಹೋದಾಗ ಗ್ರೀನ್‌ಲೆಂಡಿನ ತೀರವನ್ನು ದೂರದಿಂದ ಕಂಡನು. ಅದೇ ವರ್ಷ ಬರ್ಗೆನ್ ನಗರದ ವಸ್ತುಸಂಗ್ರಹಾಲಯದಲ್ಲಿ ಕೆಲಸಕ್ಕೆ ಸೇರಿ, ಹಗಲೆಲ್ಲ ಸೂಕ್ಷ್ಮದರ್ಶಕದ ಮುಂದೆ ಕುಳಿತು ನರಮಂಡಲದ ರಚನೆಯನ್ನು ಪರೀಕ್ಷಿಸುತ್ತಿದ್ದರೂ ಆ ತೀರವು ಅವನ ಕಣ್ಣಿನಿಂದ ಮರೆಯಾಗಲಿಲ್ಲ. 1884ರ ಚಳಿಗಾಲದಲ್ಲಿ ಬರ್ಗೆನ್ನಿನ ಕಡೆಯಿಂದ ಬೆಟ್ಟಗಳನ್ನು ದಾಟಿ ಸ್ಕೀಗಳ ಮೇಲೆಯೇ ರಾಜಧಾನಿಗೆ ಬಂದನು. ಬೆಟ್ಟ ದಾಟಿದವನು ಗ್ರೀನ್‌ಲೆಂಡನ್ನೇ ಏಕೆ ದಾಟಬಾರದು?

ಆ ಮಹಾದ್ವೀಪದ ಒಡಲನ್ನು ಅಡ್ಡಲಾಗಿ ದಾಟಿದವರು ಅದುವರೆಗೆ ಯಾರೂ ಇರಲಿಲ್ಲ. ಪ್ರಯತ್ನಿಸಿದವರು ಸಾಮಾನ್ಯವಾಗಿ ಜನವಸತಿಯಿದ್ದ ಪಶ್ಚಿಮ ತೀರದಿಂದ ಹೊರಟು, ಕಷ್ಟ ಬಂದೊಡನೆ ಮರಳುತ್ತಿದ್ದರು. ನಾನ್ಸೆನ್ನನು ಅದನ್ನು ತಲೆಕೆಳಗು ಮಾಡಿದನು. ನಿರ್ಜನವಾದ ಪೂರ್ವ ತೀರದಲ್ಲಿ ಇಳಿಯಬೇಕು, ಹಡಗು ಹೊರಟುಹೋಗಬೇಕು, ಊಟವೂ ಊರೂ ಮುಂದೆ ಮಾತ್ರ ಇರಬೇಕು. ಆಗ ಹಿಂದಿರುಗುವ ಯೋಚನೆಗೆ ಎಡೆಯೆಲ್ಲಿ? ಸರಕಾರವು ಹಣ ಕೊಡಲಿಲ್ಲ. ಡೆನ್ಮಾರ್ಕಿನ ವ್ಯಾಪಾರಿಯೊಬ್ಬನು ಕೊಟ್ಟನು. ಹೊರಡುವುದಕ್ಕೆ ಕೆಲವೇ ದಿನಗಳ ಮುಂಚೆ ಡಾಕ್ಟರೇಟ್ ಪರೀಕ್ಷೆಯನ್ನು ಮುಗಿಸಿಕೊಂಡು ಅವನು 1888ರಲ್ಲಿ ಹೊರಟನು.

ಜೊತೆಗೆ ಐವರು. ಅವರಲ್ಲಿ ಇಬ್ಬರು ಉತ್ತರದ ಸಾಮಿ ಜನಾಂಗದವರು. ಜುಲೈ 17ರಂದು ದೋಣಿಗಳಲ್ಲಿ ಇಳಿದವರನ್ನು ತೇಲುವ ಮಂಜುಗಡ್ಡೆಯು ಹನ್ನೆರಡು ದಿನಗಳ ಕಾಲ ದಕ್ಷಿಣಕ್ಕೆ ಸೆಳೆದೊಯ್ದಿತು. ಮತ್ತೆ ಉತ್ತರಕ್ಕೆ ಹುಟ್ಟುಹಾಕಿ ಬಂದು, ಆಗಸ್ಟ್ ನಡುವಿನಲ್ಲಿ ಏರತೊಡಗಿದರು. ಸುಮಾರು 8,900 ಅಡಿ ಎತ್ತರದ ಹಿಮದ ಬಯಲು. ರಾತ್ರಿ ಸೊನ್ನೆಗಿಂತ 40 ಡಿಗ್ರಿಗೂ ಕೆಳಗಿಳಿಯುವ ಚಳಿ. ಸುತ್ತಲೂ ಹಿಮವಿದ್ದರೂ ಬಾಯಾರಿಕೆ! ಅದನ್ನು ಕರಗಿಸಲು ಉರುವಲು ಸಾಲದೆ, ಹಿಮ ತುಂಬಿದ ಡಬ್ಬಿಗಳನ್ನು ಅಂಗಿಯೊಳಗಿಟ್ಟು ಮೈಯ ಬಿಸಿಯಿಂದಲೇ ನೀರು ಮಾಡಿಕೊಂಡರು. ಕೊನೆಗೆ ಪಶ್ಚಿಮದ ಕಡಲನ್ನು ಮುಟ್ಟಿ, ಡೇರೆಯ ಬಟ್ಟೆ ಮತ್ತು ಗಿಡದ ಕೊಂಬೆಗಳಿಂದ ದೋಣಿ ಕಟ್ಟಿ, ಅಕ್ಟೋಬರ್ 3ರಂದು ನಾನ್ಸೆನ್ನನೂ ಅವನ ಗೆಳೆಯ ಓಟೋ ಸ್ವೆರ್‌ಡ್ರೂಪನೂ ಗೋಟ್‌ಹೋಬ್ ಊರನ್ನು ಸೇರಿದರು. ಹಡಗು ಸಿಕ್ಕದೆ ಚಳಿಗಾಲವೆಲ್ಲ ಅಲ್ಲಿಯೇ ನಿಂತು, ಅಲ್ಲಿನವರಿಂದ ಕಾಯಕ್ ಎಂಬ ಚರ್ಮದ ದೋಣಿ ನಡೆಸುವುದನ್ನು ಕಲಿತರು.

ಈ ಭಾಗವನ್ನು ಓದಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲನೆಯವನು. ನನ್ನ ಮೊದಲ ವರ್ಷದ ಖರ್ಚಿಗೆಂದು ಅಪ್ಪ ಒಂದು ಜೊತೆ ಎತ್ತುಗಳನ್ನು ಮಾರಿದನು. ಅಂದಿನಿಂದ ನನಗೂ ಹಿಂದೆ ತೀರವಿಲ್ಲ; ಹಡಗು ಹೊರಟುಹೋಗಿದೆ. ಮುಂದಕ್ಕೆ ಹೋಗುವುದೊಂದೇ ನನ್ನ ಧರ್ಮ, ತಿರುಗಿ ನೋಡಬಾರದು ಎಂದು ನಾನು ನಿಶ್ಚಯಿಸಿಕೊಂಡಿದ್ದೆನು. ನಾನ್ಸೆನ್ನನು ನನ್ನ ಮಾತನ್ನೇ ಹೇಳುತ್ತಿರುವನೆಂದು ಹಿಗ್ಗಿದೆನು. ಆದರೆ ಅವನ ಚರಿತ್ರೆ ಅಲ್ಲಿಗೆ ನಿಲ್ಲಲಿಲ್ಲ.

ಮುಂದಿನ ಗುರಿ ಉತ್ತರ ಧ್ರುವ. ಧ್ರುವಸಮುದ್ರದ ಮಂಜುಗಡ್ಡೆಯು ಸೈಬೀರಿಯದ ಕಡೆಯಿಂದ ಗ್ರೀನ್‌ಲೆಂಡಿನತ್ತ ಹರಿಯುತ್ತದೆಂದು ಊಹಿಸಿ, ಆ ಮಂಜಿನಲ್ಲಿಯೇ ಹಡಗನ್ನು ಸಿಕ್ಕಿಸಿ ತೇಲಿಹೋಗಲು ಅವನು ಹೂಡಿದನು. ಅದಕ್ಕಾಗಿ ಕಟ್ಟಿಸಿದ ಫ್ರಾಮ್ ಎಂಬ ಹಡಗಿನ ತಳ ದುಂಡಗಿತ್ತು. ಬೆರಳುಗಳ ನಡುವೆ ಒತ್ತಿದ ಒದ್ದೆ ಹುಣಸೆಬೀಜದಂತೆ, ಮಂಜು ಅಮುಕಿದಷ್ಟೂ ಅದು ಮೇಲಕ್ಕೆ ಜಾರುತ್ತಿತ್ತು. 1893ರಲ್ಲಿ ಹೊರಟ ಹಡಗು ತೇಲಿತೇನೋ ನಿಜ. ಆದರೆ ಧ್ರುವದ ಮೇಲೆ ಹಾಯುವಂತೆ ಕಾಣಲಿಲ್ಲ. 1895ರ ಮಾರ್ಚ್ 14ರಂದು ಯಾಲ್ಮಾರ್ ಯೋಹಾನ್ಸೆನ್ನನೊಡನೆ ಅವನು ಹಡಗನ್ನು ಬಿಟ್ಟು, ಸ್ಕೀಗಳನ್ನು ಕಟ್ಟಿ, ನಾಯಿಗಳ ಬಂಡಿಗಳೊಡನೆ ಉತ್ತರಕ್ಕೆ ನಡೆದನು. ಏಪ್ರಿಲ್ 8ರಂದು 86 ಡಿಗ್ರಿ ದಾಟಿದ್ದರು. ಅಷ್ಟು ಉತ್ತರಕ್ಕೆ ಅದುವರೆಗೆ ಮನುಷ್ಯರು ಹೋದ ದಾಖಲೆಯಿಲ್ಲ. ಧ್ರುವಕ್ಕೆ ಇನ್ನು 250 ಮೈಲಿಗೂ ಹೆಚ್ಚು. ಆದರೆ ಕಾಲ ಕೆಳಗಿನ ಮಂಜೇ ದಕ್ಷಿಣಕ್ಕೆ ಸರಿಯುತ್ತಿತ್ತು. ಮುಂದೆಲ್ಲ ಮಂಜಿನ ದಿಬ್ಬಗಳು. ಹಿಂದಿರುಗುವ ದಾರಿಯನ್ನೇ ಅಳಿಸಿಕೊಂಡು ಗೆದ್ದಿದ್ದ ನಾನ್ಸೆನ್ನನು, ಆ ದಿನ ತಾನಾಗಿಯೇ ತಿರುಗಿದನು.

ತಿರುಗಿದ ದಾರಿ ಸುಲಭವಾಗಿರಲಿಲ್ಲ. ನಾಯಿಗಳನ್ನು ಒಂದೊಂದಾಗಿ ಕೊಂದು ಉಳಿದವಕ್ಕೆ ಉಣಿಸಬೇಕಾಯಿತು. ಕೊನೆಗೆ ಉಳಿದವು ಎರಡು. ತನ್ನ ನಾಯಿಯನ್ನು ತಾನು ಕೊಲ್ಲಲಾರದೆ, ಇವನದನ್ನು ಅವನೂ ಅವನದನ್ನು ಇವನೂ ಗುಂಡಿಕ್ಕಿದರು. ಇಂದು ರಷ್ಯಕ್ಕೆ ಸೇರಿರುವ ಫ್ರಾನ್ಸ್ ಯೋಸೆಫ್ ದ್ವೀಪಸ್ತೋಮದಲ್ಲಿ ಕಲ್ಲು ಮತ್ತು ವಾಲ್ರಸ್ ಚರ್ಮದ ಗುಡಿಸಲು ಕಟ್ಟಿ, ಕರಡಿಯ ಮಾಂಸ ತಿಂದು ಇಡೀ ಚಳಿಗಾಲವನ್ನು ಕಳೆದರು. 1896ರ ಜೂನ್ 17ರಂದು ಇಂಗ್ಲೆಂಡಿನ ಅನ್ವೇಷಕ ಜಾಕ್ಸನ್ನನು ಅವರಿಗೆ ಅಕಸ್ಮಾತ್ತಾಗಿ ಎದುರಾಗದಿದ್ದರೆ ಈ ಚರಿತ್ರೆ ಅಲ್ಲಿಗೇ ಮುಗಿಯುತ್ತಿತ್ತೋ ಏನೋ. ಆಗಸ್ಟ್ ತಿಂಗಳಲ್ಲಿ ಅವರು ನಾರ್ವೆಯನ್ನು ಮುಟ್ಟಿದರು. ಕೆಲವೇ ದಿನಗಳಲ್ಲಿ ಫ್ರಾಮ್ ಹಡಗೂ ಉಳಿದವರೊಡನೆ ಸುರಕ್ಷಿತವಾಗಿ ಬಂದು ಸೇರಿತು.

ಕೀರ್ತಿಗೆ ಇಷ್ಟು ಸಾಕಾಗಿತ್ತು. ಅವನು ಸಮುದ್ರಶಾಸ್ತ್ರದ ಪ್ರಾಧ್ಯಾಪಕನಾದನು. 1905ರಲ್ಲಿ ನಾರ್ವೆಯು ಸ್ವೀಡನ್ನಿನಿಂದ ಬೇರೆಯಾದ ಮೇಲೆ ಲಂಡನ್ನಿನಲ್ಲಿ ತನ್ನ ದೇಶದ ರಾಯಭಾರಿಯಾದನು. 1907ರಲ್ಲಿ, ಸ್ವತಃ ಸ್ಕೀ ಬಲ್ಲ ಗಾಯಕಿಯಾಗಿದ್ದ ಮಡದಿ ಏವಾ ತೀರಿಕೊಂಡಳು. 1913ರಲ್ಲಿ ಯೆನಿಸೆ ನದಿಯ ಮಾರ್ಗವಾಗಿ ಸೈಬೀರಿಯವನ್ನು ಸುತ್ತಿ ಬಂದನು. ಆ ರಷ್ಯವೇ ಏಳು ವರ್ಷಗಳ ಬಳಿಕ ಅವನನ್ನು ಮತ್ತೆ ಕರೆಯಿತು.

ಯುದ್ಧ ಮುಗಿದರೂ ಲಕ್ಷಾಂತರ ಸೆರೆಸಿಪಾಯಿಗಳು ರಷ್ಯದಲ್ಲಿಯೂ ಮಧ್ಯ ಯೂರೋಪಿನಲ್ಲಿಯೂ ಸಿಕ್ಕಿಬಿದ್ದಿದ್ದರು. 1920ರಲ್ಲಿ ರಾಷ್ಟ್ರಸಂಘವು ಅವರನ್ನು ಮನೆ ಮುಟ್ಟಿಸುವ ಹೊಣೆಯನ್ನು ನಾನ್ಸೆನ್ನನಿಗೆ ಒಪ್ಪಿಸಿತು. ಸೋವಿಯತ್ ಸರಕಾರವು ರಾಷ್ಟ್ರಸಂಘವನ್ನು ಒಪ್ಪದಿದ್ದರೂ ಅವನೊಬ್ಬನನ್ನು ನಂಬಿತು. ಎರಡು ವರ್ಷಗಳಲ್ಲಿ 4,27,000ಕ್ಕೂ ಹೆಚ್ಚು ಜನ ತಮ್ಮ ತಮ್ಮ ಊರು ಸೇರಿದರು.

ಅಷ್ಟರಲ್ಲಿ, 1921ರಲ್ಲಿ, ವೋಲ್ಗಾ ಸೀಮೆಗೆ ಘೋರ ಕ್ಷಾಮ ಬಂದಿತು. ಮಳೆ ಹೋಗಿತ್ತು; ಅಂತರ್ಯುದ್ಧವೂ ಧಾನ್ಯದ ಬಲವಂತದ ವಸೂಲಿಯೂ ಕಣಜಗಳನ್ನು ಮೊದಲೇ ಬರಿದು ಮಾಡಿದ್ದವು. ನಾನ್ಸೆನ್ನನು ಜಿನೀವಾದಲ್ಲಿ ನಿಂತು ಸರಕಾರಗಳನ್ನು ಸಾಲ ಬೇಡಿದನು. ಬೋಲ್ಷೆವಿಕರಿಗೆ ಬಲ ಬಂದೀತೆಂದು ಅಂಜಿ ಅವು ಕೊಡಲಿಲ್ಲ. ಅವನು ಸುಮ್ಮನಾಗಲಿಲ್ಲ. ತಾನೇ ವೋಲ್ಗಾ ತೀರಕ್ಕೆ ಹೋಗಿ, ಹಸಿದವರನ್ನು ಕಣ್ಣಾರೆ ಕಂಡು, ಚಿತ್ರಗಳನ್ನು ತಂದು ಊರೂರಿನಲ್ಲಿ ತೋರಿಸಿ ಹಣ ಕೂಡಿಸಿದನು. ಅತಿ ದೊಡ್ಡ ಪಾಲಿನ ಅನ್ನ ಹಾಕಿದವರು ಅಮೆರಿಕದ ಪರಿಹಾರ ಸಂಸ್ಥೆಯವರೆಂಬುದನ್ನು ಮರೆಯಬಾರದು. ಇಷ್ಟೆಲ್ಲ ಆದರೂ ಲಕ್ಷಗಟ್ಟಲೆ ಜನ ಸತ್ತರು. ಇದು ಧ್ರುವಕ್ಕಿಂತ ಕಠಿನವಾದ ದಾರಿ. ಇಲ್ಲಿ ಅವನು ಪೂರ್ಣವಾಗಿ ಗೆಲ್ಲಲಿಲ್ಲ.

ಇನ್ನೊಂದು ಕೆಲಸ ಉಳಿಯಿತು. ಕ್ರಾಂತಿಯಿಂದ ದೇಶ ಬಿಟ್ಟು ಓಡಿದ ರಷ್ಯನರ ಪೌರತ್ವವನ್ನು ಅವರ ಸರಕಾರವೇ ಕಿತ್ತುಕೊಂಡಿತ್ತು. ಯಾವ ದೇಶದವರೂ ಅಲ್ಲದ ಅವರು ಗಡಿ ದಾಟುವಂತಿರಲಿಲ್ಲ, ಕೆಲಸಕ್ಕೆ ಹೋಗುವಂತಿರಲಿಲ್ಲ. 1922ರಲ್ಲಿ ನಾನ್ಸೆನ್ನನ ಯತ್ನದಿಂದ ಅಂಥವರಿಗಾಗಿ ಒಂದು ಗುರುತಿನ ಪತ್ರ ಹುಟ್ಟಿತು. ಲೋಕವು ಅದನ್ನು ನಾನ್ಸೆನ್ ಪಾಸ್‌ಪೋರ್ಟ್ ಎಂದು ಕರೆಯಿತು. ಕಾಲಕ್ರಮದಲ್ಲಿ ಐವತ್ತಕ್ಕೂ ಹೆಚ್ಚು ಸರಕಾರಗಳು ಅದನ್ನು ಮನ್ನಿಸಿದವು. ಆರ್ಮೇನಿಯನ್ ನಿರಾಶ್ರಿತರಿಗೂ ಅದು ದೊರೆಯಿತು. ಸಂಗೀತಗಾರ ಸ್ಟ್ರಾವಿನ್‌ಸ್ಕಿ, ಚಿತ್ರಕಾರ ಶಗಾಲ್, ಕಾದಂಬರಿಕಾರ ನಬೋಕಫ್ ಇವರೆಲ್ಲ ಆ ಕಾಗದವನ್ನು ಹಿಡಿದವರೇ. ಅದೇ 1922ರ ನೊಬೆಲ್ ಶಾಂತಿ ಪಾರಿತೋಷಕ ಅವನಿಗೆ ಬಂದಿತು. ಆ ಹಣವನ್ನೂ ಪರಿಹಾರ ಕಾರ್ಯಕ್ಕೇ ಕೊಟ್ಟನು. 1930ನೆಯ ಮೇ 13ರಂದು ಅವನು ತನ್ನ ಮನೆಯಲ್ಲಿ ಕಣ್ಣು ಮುಚ್ಚಿದನು.

ಒಂದು ತುಂಡು ಕಾಗದದ ಬೆಲೆಯನ್ನು ನಾನು ಬಲ್ಲೆ. ಹುಟ್ಟಿದ ವರ್ಷಕ್ಕೆ ದಾಖಲೆಯಿಲ್ಲವೆಂದು ನಮ್ಮ ಅಜ್ಜಿ ವೃದ್ಧಾಪ್ಯ ವೇತನಕ್ಕಾಗಿ ಒಂದು ಕಚೇರಿಗೆ ಎರಡು ವರ್ಷ ಅಲೆದಳು. ನಾನು ನಗರದ ಹಾಸ್ಟೆಲಿನಲ್ಲಿ ಮುಂದಕ್ಕೆ, ಮುಂದಕ್ಕೆ ಎಂದು ಓದುತ್ತಿದ್ದೆನು. ಆಕೆಯ ಅರ್ಜಿ ಬರೆಯಲು ಒಂದು ಭಾನುವಾರ ಸಾಕಾಗಿತ್ತು. ಆ ಭಾನುವಾರ ನನಗೆ ಸಿಕ್ಕಲು ಎರಡು ವರ್ಷ ಬೇಕಾಯಿತು. ನಾನ್ಸೆನ್ನನನ್ನು ಓದಿದ ಮೇಲೆಯೇ ನಾನು ಊರಿಗೆ ಹೋಗಿ ಅದನ್ನು ಬರೆದದ್ದು.

ಎತ್ತುಗಳನ್ನು ಮಾರಿದ ಮನೆಯವನು ಮುಂದಕ್ಕೆ ಹೋಗಲೇಬೇಕು. ಅದನ್ನು ಗ್ರೀನ್‌ಲೆಂಡು ನನಗೆ ಕಲಿಸಿತು. ಹೋದವನು ಯಾವ ದಿನ, ಯಾರ ಕಡೆಗೆ ತಿರುಗಬೇಕೆಂಬುದನ್ನು ಆ ಉಳಿದ ಚರಿತ್ರೆ ಕಲಿಸಿತು. ಈಗ ನಾನು ಊರಿಗೆ ಹೋದ ಭಾನುವಾರ ನಮ್ಮ ಜಗಲಿಯ ಮೇಲೆ ನಾಲ್ಕೈದು ಜನ ಕಾಗದ ಹಿಡಿದು ಕಾದಿರುತ್ತಾರೆ. ಈ ವರ್ಷ ಹನ್ನೆರಡು ಅರ್ಜಿ ಬರೆದಿದ್ದೇನೆ. ಅಜ್ಜಿಗೆ ಮೊನ್ನೆಯ ತಿಂಗಳಿನಿಂದ ಹಣ ಬರುತ್ತಿದೆ.