ಕಾಲಕ್ಕೆ ತಕ್ಕ ವೇಷ ತೊಡಿಸಿದ ಪ್ಲಾಂಷೆ

ನಾಟಕದಲ್ಲಿ ಹರಿಶ್ಚಂದ್ರ ಮಹಾರಾಜನು ಕೈಗಡಿಯಾರ ಕಟ್ಟಿಕೊಂಡು ರಂಗಕ್ಕೆ ಬಂದರೆ ನಾವೆಲ್ಲರೂ ನಗುತ್ತೇವೆ. ಆದರೆ ಒಂದು ಕಾಲದಲ್ಲಿ ಲಂಡನ್ನಿನ ದೊಡ್ಡ ನಾಟಕಶಾಲೆಗಳಲ್ಲಿಯೂ ಇಂತಹ ಆಭಾಸಕ್ಕೆ ಯಾರೂ ನಗುತ್ತಿರಲಿಲ್ಲ. ಹದಿನೆಂಟನೆಯ ಶತಮಾನದ ನಟಶ್ರೇಷ್ಠನಾದ ಗ್ಯಾರಿಕನು ಪ್ರಾಚೀನ ಸ್ಕಾಟ್ಲೆಂಡಿನ ಮ್ಯಾಕ್‌ಬೆತ್ ದೊರೆಯ ಪಾತ್ರವನ್ನು ತನ್ನ ಕಾಲದ ಸೇನಾಧಿಕಾರಿಯ ಕೆಂಪು ಅಂಗಿಯಲ್ಲಿಯೇ ಅಭಿನಯಿಸಿದನು. ಈ ರೂಢಿಯನ್ನು ಬದಲಿಸಿದವರಲ್ಲಿ ಅಗ್ರಗಣ್ಯನು ಜೇಮ್ಸ್ ರಾಬಿನ್‌ಸನ್ ಪ್ಲಾಂಷೆ.

ಪ್ಲಾಂಷೆಯು 1796ರ ಫೆಬ್ರವರಿ 27ರಂದು ಲಂಡನ್ನಿನಲ್ಲಿ ಜನಿಸಿದನು. ಧರ್ಮದ ಕಾರಣದಿಂದ ಫ್ರಾನ್ಸನ್ನು ತೊರೆದು ಬಂದ ಮನೆತನ. ತಂದೆಯ ಕಸುಬು ಗಡಿಯಾರ ಮಾಡುವುದು. ಬಾಲ್ಯದಲ್ಲಿಯೇ ತಾಯಿಯನ್ನು ಕಳೆದುಕೊಂಡನು. ಚಿತ್ರಕಲೆಯನ್ನು ಅಭ್ಯಾಸಮಾಡಿ, ಕೆಲಕಾಲ ಪುಸ್ತಕದ ವ್ಯಾಪಾರಿಯೊಬ್ಬನ ಬಳಿ ಕೆಲಸ ಕಲಿತನು. 1818ರಲ್ಲಿ ಆತನ ಮೊದಲ ನಾಟಕವು ಡ್ರೂರಿ ಲೇನ್ ನಾಟಕಶಾಲೆಯಲ್ಲಿ ರಂಗವೇರಿತು.

1823ರಲ್ಲಿ ಕೋವೆಂಟ್ ಗಾರ್ಡನ್ ನಾಟಕಶಾಲೆಯ ಒಡೆಯನಾದ ಚಾರ್ಲ್ಸ್ ಕೆಂಬಲನು ಷೇಕ್ಸ್‌ಪಿಯರನ 'ಕಿಂಗ್ ಜಾನ್' ನಾಟಕವನ್ನು ಆಡಿಸಲು ಸಿದ್ಧನಾದನು. ಹಗುರವಾದ ವಿನೋದ ಪ್ರದರ್ಶನಗಳಿಗೆ ಹಣವನ್ನು ನೀರಿನಂತೆ ಚೆಲ್ಲಿ, ಷೇಕ್ಸ್‌ಪಿಯರನಿಗೆ ಮಾತ್ರ ಕೈಗೆ ಸಿಕ್ಕಿದ ಬಟ್ಟೆ ಹೊದಿಸುವುದು ನ್ಯಾಯವಲ್ಲವೆಂದು ಪ್ಲಾಂಷೆಯು ಆತನೊಡನೆ ವಾದಿಸಿದನು. ಕೆಂಬಲನು ಒಪ್ಪಿದನು. ಒಂದು ಕಾಸನ್ನೂ ಪಡೆಯದೆ ಈ ಇಪ್ಪತ್ತೇಳರ ತರುಣನು ಕೆಲಸಕ್ಕೆ ಇಳಿದನು.

ಆರು ನೂರು ವರ್ಷಗಳ ಹಿಂದಿನ ಅಂಗಿಯ ಅಳತೆಯನ್ನು ಎಲ್ಲಿಂದ ತರುವುದು? ಬಟ್ಟೆ ಜೀರ್ಣವಾಗುತ್ತದೆ, ಕಲ್ಲು ಉಳಿಯುತ್ತದೆ. ಜಾನ್ ದೊರೆಯ ಆಳ್ವಿಕೆ 1199ರಿಂದ 1216ರವರೆಗೆ. ಆತನ ಸಮಾಧಿಯ ಮೇಲಿನ ಶಿಲಾಪ್ರತಿಮೆಯು ವೂಸ್ಟರಿನ ದೇವಾಲಯದಲ್ಲಿದೆ. ಪ್ಲಾಂಷೆಯು ಅದನ್ನು ಆಧಾರವಾಗಿ ಹಿಡಿದನು. ಹಳೆಯ ರಾಜಮುದ್ರೆಗಳನ್ನು ಪರೀಕ್ಷಿಸಿದನು. ಡೌಸ್ ಎಂಬ ವಿದ್ವಾಂಸನು ತನ್ನ ಅಮೂಲ್ಯವಾದ ಚಿತ್ರಿತ ಹಸ್ತಪ್ರತಿಗಳನ್ನು ಎರವಲು ಕೊಟ್ಟನು; ಕವಚಗಳ ವಿಷಯದಲ್ಲಿ ಮೆರಿಕ್ ಎಂಬ ಪಂಡಿತನು ನೆರವಾದನು. ಇವೆಲ್ಲವನ್ನೂ ಹೋಲಿಸಿ ಒಂದೊಂದು ಪಾತ್ರದ ಉಡುಪಿಗೂ ಚಿತ್ರ ಬರೆದು, ವೇಷಗಳ ಸಿದ್ಧತೆಯನ್ನು ತಾನೇ ನಿಂತು ನೋಡಿಕೊಂಡನು. ಇದು ಸೂಜಿದಾರಕ್ಕೆ ಮೊದಲು ನಡೆಯಬೇಕಾದ ಕೆಲಸ. ನೋಡುವವರ ಕಣ್ಣಿಗೆ ಬೀಳುವುದೇ ಇಲ್ಲ.

ಆದರೆ ನಟರಿಗೆ ಇದಾವುದೂ ರುಚಿಸಲಿಲ್ಲ. ಚಪ್ಪಟೆ ತಲೆಯ ಶಿರಸ್ತ್ರಾಣಗಳನ್ನು ಕಂಡು, ಇವು ಅಡಿಗೆಮನೆಯ ತಪ್ಪಲೆಗಳೆಂದು ಹಾಸ್ಯಮಾಡಿದರು. ಜನರು ತಮ್ಮನ್ನು ನೋಡಿ ಬಿದ್ದು ಬಿದ್ದು ನಗುವರೆಂದು ಅಂಜಿದರು. ರಂಗವ್ಯವಸ್ಥಾಪಕನಿಂದಲೂ ಒತ್ತಾಸೆ ದೊರೆಯಲಿಲ್ಲ. ನಾಟಕ ಕೆಟ್ಟಿದ್ದರೆ ಅಪಕೀರ್ತಿಯೆಲ್ಲ ಪ್ಲಾಂಷೆಯ ತಲೆಯ ಮೇಲೆಯೇ ಬೀಳುತ್ತಿತ್ತು.

ನವೆಂಬರ್ 24ರ ರಾತ್ರಿ ಪರದೆ ಮೇಲೇರಿತು. ಸಮಾಧಿಯ ಪ್ರತಿಮೆಯೇ ಎದ್ದು ಬಂದಂತೆ ಜಾನ್ ದೊರೆ. ಸುತ್ತಲೂ ಲೋಹದ ಬಳೆಗಳನ್ನು ಹೆಣೆದ ಕವಚ ತೊಟ್ಟು, ತಮ್ಮ ತಮ್ಮ ಮನೆತನದ ಲಾಂಛನವುಳ್ಳ ಗುರಾಣಿ ಹಿಡಿದ ಸಾಮಂತರು. ಯಾರೂ ನಗಲಿಲ್ಲ. ಚಪ್ಪಾಳೆಯ ಸುರಿಮಳೆಗೆ ನಟರೇ ಬೆರಗಾದರು. ಒಂದೊಂದು ರಾತ್ರಿಯ ಆಟಕ್ಕೆ 400ರಿಂದ 600 ಪೌಂಡುಗಳವರೆಗೆ ಬಂದಿತೆಂದು ಪ್ಲಾಂಷೆಯು ತನ್ನ ಆತ್ಮಕಥೆಯಲ್ಲಿ ದಾಖಲಿಸಿದ್ದಾನೆ. ಉಡುಪಿನ ಬೆಡಗಿನಲ್ಲಿ ಮಾತಿನ ಸೊಗಸು ಮುಳುಗುವ ಅಪಾಯವೂ ಇಲ್ಲಿಂದಲೇ ಮೊದಲಾಯಿತೆಂದು ನಮಗೆ ತೋರುತ್ತದೆ. ಆ ಶತಮಾನದ ಮುಂದಿನ ನಾಟಕಗಳಲ್ಲಿ ಅದು ಕಂಡುಬಂದಿತು.

ಆತನು ಬರೆದ ನಾಟಕಗಳು ನೂರಕ್ಕೂ ಹೆಚ್ಚು. ತನ್ನ ನಾಟಕವೊಂದನ್ನು ಎಡಿನ್‌ಬರೋದಲ್ಲಿ ಅಪ್ಪಣೆಯಿಲ್ಲದೆ ಆಡಿದ್ದರಿಂದ ನೊಂದು, ನಾಟಕಕಾರರ ಹಕ್ಕಿಗಾಗಿ ಹೋರಾಡಿದನು. 1833ರಲ್ಲಿ ಅದಕ್ಕೆ ಶಾಸನವಾಯಿತು. 1834ರಲ್ಲಿ ಬ್ರಿಟಿಷ್ ಉಡುಪುಗಳ ಚರಿತ್ರೆಯನ್ನು ಪ್ರಕಟಿಸಿದನು. 1869ರಲ್ಲಿ ಲಂಡನ್ ಗೋಪುರದ ಕವಚಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿಕೊಟ್ಟನು.

ಇಷ್ಟು ದುಡಿದರೂ ಕೈಯಲ್ಲಿ ಹಣ ನಿಲ್ಲಲಿಲ್ಲ. ವಿಧವೆಯಾದ ಮಗಳು ಮಕ್ಕಳೊಡನೆ ತಂದೆಯ ಆಶ್ರಯಕ್ಕೆ ಬಂದಳು. 1871ರಲ್ಲಿ ಸರ್ಕಾರವು ವರ್ಷಕ್ಕೆ 100 ಪೌಂಡುಗಳ ವಿಶ್ರಾಂತಿವೇತನವನ್ನು ಗೊತ್ತುಮಾಡಿತು. ಎಂಬತ್ತು ವರ್ಷ ತುಂಬಿದ ಮೇಲೆಯೂ ಆತನು ಲೇಖನಿಯನ್ನು ಕೆಳಗಿಡದೆ, ಉಡುಪುಗಳ ವಿಶ್ವಕೋಶದ ಎರಡು ಸಂಪುಟಗಳನ್ನು 1879ರಲ್ಲಿ ಪೂರೈಸಿ, 1880ರ ಮೇ 30ರಂದು ಲಂಡನ್ನಿನ ಚೆಲ್ಸಿಯಲ್ಲಿ ತೀರಿಕೊಂಡನು.