ವಿಷವೈದ್ಯಕವಿ ಮಂಗರಾಜ

ರಾಜರ ಯುದ್ಧವನ್ನೋ ತೀರ್ಥಂಕರರ ಚರಿತ್ರೆಯನ್ನೋ ಹಾಡುತ್ತಿದ್ದ ಪರಂಪರೆಯಲ್ಲಿ ಹುಟ್ಟಿ, ವಿಷವನ್ನೇ ವಸ್ತುವಾಗಿ ಆರಿಸಿಕೊಂಡವನು ಒಂದನೆಯ ಮಂಗರಾಜ. ಕಾಲ ಸುಮಾರು ಕ್ರಿ. ಶ. 1360, ವಿಜಯನಗರ ತಲೆಯೆತ್ತಿ ಕಾಲು ಶತಮಾನ ಕಳೆದಿತ್ತಷ್ಟೆ. ಮತದಿಂದ ಜೈನ; ಮುಗುಳಿಪುರದ ಅಧಿಪತಿ. ಆಳುವವನೊಬ್ಬನು ಬೇರು ತೊಗಟೆಗಳ ಗುಣವನ್ನು ಬರೆಯುತ್ತ ಕುಳಿತದ್ದು ಅವನ ಬಿರುದುಗಳಿಗಿಂತ ದೊಡ್ಡ ಸಂಗತಿಯೆಂದು ನನಗೆ ತೋರುತ್ತದೆ.

ಕೃತಿಯ ಹೆಸರು ಖಗೇಂದ್ರಮಣಿದರ್ಪಣ. ಖಗೇಂದ್ರನೆಂದರೆ ಹಾವಿನ ವೈರಿ ಗರುಡ. ಅವನ ಮಣಿ ವಿಷವನ್ನು ಇಳಿಸುವುದೆಂದು ನಂಬಿಕೆ. ಹದಿನಾರು ಅಧಿಕಾರಗಳ ಈ ಗ್ರಂಥಕ್ಕೆ ಪೂಜ್ಯಪಾದರ ವೈದ್ಯವೇ ಆಧಾರ. ಗಿಡ, ಬೇರು, ಖನಿಜಗಳದು ಸ್ಥಾವರವಿಷ. ಹಾವು, ಚೇಳು, ಇಲಿಗಳದು ಜಂಗಮವಿಷ. ಇವಕ್ಕೆ ಮದ್ದನ್ನು ಅವನು ಸಂಸ್ಕೃತದಲ್ಲಿ ಮುಚ್ಚಿಡದೆ ಕನ್ನಡದ ಪದ್ಯಗಳಲ್ಲಿ ತೆರೆದಿಟ್ಟನು. ಹೆಸರು ಹೇಳಿದರೆ ಬೇರಿನ ಗುಣ ಹೋಗುವುದೆಂದು ಬಾಯಿ ಬಿಡದೆ ತೀರಿಕೊಂಡ ನಾಟಿವೈದ್ಯರು ನಮ್ಮ ನಾಡಿನಲ್ಲಿ ಎಷ್ಟು ಮಂದಿಯೋ!

ನಮ್ಮ ಗೊಳಸಂಗಿಯ ಕಡೆಯ ಎರೆಹೊಲದ ಬದುವಿನಲ್ಲಿ ನಿಂತರೆ ಅವನ ಮಾತು ಬೇಗ ಅರ್ಥವಾಗುತ್ತದೆ. ಬಾಣಂತಿಯ ನೀರಿಗೆ ಲಕ್ಕಿ ಎಲೆ. ಚೇಳು ಕಡಿದಲ್ಲಿಗೆ ಉತ್ತರಾಣಿಯ ಬೇರು ತೇಯ್ದು ಲೇಪ. ಮೊಣಕಾಲು ನೋವಿಗೆ ಹರಳೆಣ್ಣೆ ಸವರಿ ಬೆಚ್ಚಗೆ ಮಾಡಿದ ಎಕ್ಕೆಯ ಎಲೆ. ಅದೇ ಎಕ್ಕೆಯ ಹಾಲು ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ. ಪಕ್ಕದ ಕಣಗಿಲೆಯಂತೂ ಹೃದಯವನ್ನೇ ನಿಲ್ಲಿಸಬಲ್ಲದು. ಮದ್ದೂ ವಿಷವೂ ಒಂದೇ ಬೇಲಿಯಲ್ಲಿ ಬೆಳೆಯುತ್ತವೆ.

ಆದರೆ ಹಾವಿನ ವಿಷಯದಲ್ಲಿ ನಾನು ಮಂಗರಾಜನ ಹಿಂದೆ ಹೋಗಲಾರೆ. ಫ್ರಾನ್ಸಿನ ಕಾಲ್ಮೆಟ್ 1890ರ ದಶಕದಲ್ಲಿ ಪ್ರತಿವಿಷವನ್ನು ಸಿದ್ಧಪಡಿಸಿದನು. ಇಂದು ನಮ್ಮಲ್ಲಿ ದೊರೆಯುವ ಚುಚ್ಚುಮದ್ದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೂ ಸಲ್ಲುತ್ತದೆ. ಇಂಥದೊಂದು ಮಂಗರಾಜನಿಗೆ ಸಿಕ್ಕಿದ್ದರೆ ಅದಕ್ಕೊಂದು ಅಧಿಕಾರವನ್ನೇ ಮೀಸಲಿಡುತ್ತಿದ್ದನೇನೋ. ಹಾವು ಕಡಿದವರಿಗೆ ತೇಯ್ದು ಕುಡಿಸುವ ಈಶ್ವರಿಬೇರು ಮೂತ್ರಪಿಂಡಗಳನ್ನು ಕೆಡಿಸುವ ಆಮ್ಲವುಳ್ಳದ್ದೆಂದು ಈಗ ತಿಳಿದಿದೆ. ಆ ಬೇರನ್ನು ಹುಡುಕುತ್ತ ಕಳೆದ ಗಳಿಗೆಯಲ್ಲಿ ಬಂಡಿಯನ್ನೋ ಮೋಟಾರನ್ನೋ ಆಸ್ಪತ್ರೆಯತ್ತ ಹೊಡೆಯಬಹುದಿತ್ತು. ಮಳೆಗಾಲದ ರಾತ್ರಿ ಹೊಲಕ್ಕೆ ನೀರು ಹಾಯಿಸಲು ಹೋಗುವವರ ಮನೆಯಲ್ಲಿ ಇದು ಬರಿಯ ಪಾಂಡಿತ್ಯದ ಮಾತಲ್ಲ.

ಮದರಾಸು ವಿಶ್ವವಿದ್ಯಾಲಯವು ಖಗೇಂದ್ರಮಣಿದರ್ಪಣವನ್ನು 1942ರಲ್ಲಿ ಅಚ್ಚು ಮಾಡಿಸಿತು. ಸಸ್ಯಶಾಸ್ತ್ರದವರೂ ಕನ್ನಡದವರೂ ಜೊತೆಗೆ ಕುಳಿತು ಅದರಲ್ಲಿನ ಒಂದೊಂದು ಗಿಡವನ್ನೂ ಹೊಲದಲ್ಲಿ ಗುರುತಿಸಬೇಕೆಂಬುದು ನನ್ನ ಆಸೆ.